ದೋಣಿಯವ್ವನ ಹಸಿರು ಶಾಲು

ಹೊರನಾಡಿನ ಕನ್ನಡಿಗರಿಗೆ ಒಂದು ಸುಖವಿದೆ. ಲಿಫ್ಟಿನಲ್ಲಿ, ರೈಲಿನಲ್ಲಿ, ಮಂದಿಯ ಮನೆಯ ಸೋಫಾದ ಮೇಲೆ ಕೂತು ಎದುರಿಗಿದ್ದವರ ಬಗ್ಗೆ ಎದುರಿಗೇ ಮಾತಾಡಬಹುದು. ವಿಮಾ ಕಚೇರಿಯ ನನ್ನ ವರ್ಗಾವಣೆಗಳ ಬೆನ್ನು ಹತ್ತಿ ಮೊದಲು ಸೂರತ್ತಿಗೆ, ಆಮೇಲೆ ವಡೋದರಾಕ್ಕೆ ಬಂದ ನಾವು ಗಂಡ ಹೆಂಡತಿ ಈ ಸುಖವನ್ನು ಧಾರಾಳವಾಗಿ ಉಂಡವರು. ಆದರೆ ಆ ಸಂಜೆ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನಮಗೆ ಕನ್ನಡ ಬೇಕಾಗಿದ್ದು ಚಾಡಿ ಹೇಳುವುದಕ್ಕಲ್ಲ. ನಮ್ಮವರ ಕಣ್ಣು ಹೋಗುತ್ತಿದೆ ಎಂಬುದು ಅಲ್ಲಿ ಕೂತವರಲ್ಲಿ ಒಬ್ಬರಿಗೂ ತಿಳಿಯಬಾರದಿತ್ತು.

ಒಮ್ಮೆಲೇ ಕಣ್ಣು ಹೋಗುವ ರೋಗ ಅದಲ್ಲ. ಕತ್ತಲು ಅಂಚಿನಿಂದ ಒಳಗೊಳಗೆ ಬರುತ್ತದೆ. ನಮ್ಮವರಿಗೆ ಈಗ ಬಳೆಯೊಳಗಿಂದ ನೋಡಿದಷ್ಟು ಜಗತ್ತು ಉಳಿದಿದೆ. ಬೆಳಕು ಕಡಿಮೆಯಾದರೆ ಅದೂ ಇಲ್ಲ. ಸೂರತ್ತಿನ ಸೀರೆ ಮಿಲ್ಲೊಂದರಲ್ಲಿ ಅವರು ಬಣ್ಣ ಹೊಂದಿಸುವ ಕೆಲಸದಲ್ಲಿದ್ದರು. ಗಿರಾಕಿ ತಂದ ಚೂರು ಬಟ್ಟೆ ನೋಡಿ ಅದೇ ಬಣ್ಣ ಕಲಸಿ ಕೊಡಬೇಕು. ಕಣ್ಣಿನ ವಿಷಯ ತಿಳಿದ ದಿನದಿಂದ ಅಲ್ಲಿಯವರೆಲ್ಲ ವಿಪರೀತ ಒಳ್ಳೆಯವರಾಗಿಬಿಟ್ಟರು. ಕುರ್ಚಿ ಎಳೆದು ಕೊಟ್ಟರು, ಕೈ ಹಿಡಿದು ಕ್ಯಾಂಟೀನಿಗೆ ಕರೆದೊಯ್ದರು, ಬಣ್ಣದ ಬಗ್ಗೆ ಮಾತ್ರ ಏನೊಂದೂ ಕೇಳದಾದರು. ಆ ಒಳ್ಳೆಯತನ ತಾಳಲಾರದೆ ನಮ್ಮವರು ಕೆಲಸ ಬಿಟ್ಟರು.

ಉಳಿದದ್ದು ಕಂಪ್ಯೂಟರಿನ ಒಂದು ಆಟ. ನಾನು ಅದನ್ನು ಸವತಿ ಎಂದೇ ಕರೆಯುವುದು. ನದಿಯಲ್ಲಿ ಮುಳುಗುತ್ತಿರುವ ಒಂದು ಊರು, ಜನರನ್ನು ಮನೆಯಿಂದ ಮನೆಗೆ ದಾಟಿಸುವ ಒಬ್ಬ ಮುದುಕಿ. ನಮ್ಮವರ ಬಾಯಲ್ಲಿ ಅವಳು ದೋಣಿಯವ್ವ. ಕೊನೆಗೆ ಅಂಚು ಮಾಸಿದ ಹಸಿರು ಶಾಲು ಹೊದ್ದುಕೊಂಡು, ದೋಣಿಯನ್ನು ಮಂಜಿನೊಳಗೆ ನಡೆಸಿಕೊಂಡು ಹೋಗಿಬಿಡುತ್ತಾಳೆ. ಅಲ್ಲಿಗೆ ಆಟ ಮುಗಿಯಿತು. ಅವಳು ಸತ್ತಳೋ ಬದುಕಿದಳೋ ಎಂದು ಆಡಿದವರೆಲ್ಲ ಹತ್ತು ವರ್ಷಕ್ಕೂ ಮಿಕ್ಕಿ ಜಗಳವಾಡಿದ್ದಾರೆ. ನಮ್ಮವರೂ ಫೋನಿನ ಗುಂಪೊಂದರಲ್ಲಿ ಈ ಜಗಳ ಕಾಯುತ್ತಿದ್ದರು. ಅದರಲ್ಲಿದ್ದ ಅಹಮದಾಬಾದಿನ ಹುಡುಗ ಹುಡುಗಿಯರು ವಯಸ್ಸಿಗೆ ಮರ್ಯಾದೆ ಕೊಟ್ಟು ಇವರನ್ನು ಕಾಕಾ ಎನ್ನುತ್ತಿದ್ದರು. ಯಾವ ಓಣಿಯ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂಬುದಕ್ಕೆ ಕಾಕಾನದೇ ಕೊನೆಯ ಮಾತು. ಒಬ್ಬರನ್ನೂ ಇವರು ಮುಖತಃ ಕಂಡಿರಲಿಲ್ಲ.

ಆಟದ ಎರಡನೆಯ ಭಾಗದ ಘೋಷಣೆಯ ವಿಡಿಯೋ ಬರುತ್ತದೆ ಎಂದು ಸುದ್ದಿ ಬಂದಾಗ ಗುಂಪಿನ ಹುಡುಗಿಯೊಬ್ಬಳು ತನ್ನ ಫ್ಲ್ಯಾಟಿಗೆ ಎಲ್ಲರನ್ನೂ ಕರೆದಳು. ನಮಗೆ ಅದೇ ದಿನ ಅಹಮದಾಬಾದಿನಲ್ಲಿ ಕಣ್ಣಿನ ತಪಾಸಣೆ ಇತ್ತು. ಇನ್ನು ಮೇಲೆ ಒಬ್ಬರೇ ರಸ್ತೆ ದಾಟಬೇಡಿ ಎಂದರು ಡಾಕ್ಟರು. ಇನ್ನೆಷ್ಟು ದಿನ ಕಾಣುತ್ತದೆ ಎಂದು ನಾನು ಕೇಳಿದ್ದಕ್ಕೆ ಪೆನ್ನಿನ ಮುಚ್ಚಳ ಹಾಕಿ, ಹೇಳಲಿಕ್ಕೆ ಬರುವುದಿಲ್ಲ ಎಂದರು.

ನೆಟ್ಟಗೆ ಮನೆಗೆ ಹೋಗೋಣ ಎಂದೆ. ಆಟೋದಲ್ಲಿ ನಮ್ಮವರು ನನ್ನ ಕಡೆ ತಿರುಗಿದರು.

"ಅಲ್ಲಿ ಏನೂ ಹೇಳಬ್ಯಾಡ. ಒಂದ್ ಸಂಜಿ ನಾ ಬರೇ ಕಾಕಾ ಆಗಿ ಕುಂದರತೀನಿ."

"ಎಡವಿ ಬಿದ್ರ?"

"ನೀ ಅದೀ ಅಲ್ಲ. ಕನ್ನಡದಾಗ ಹೇಳ್ಕೋತ ಇರು. ಅಲ್ಲಿ ಯಾರಿಗೆ ತಿಳೀತೈತಿ?"

ಬಾಗಿಲು ತೆರೆದ ಹುಡುಗಿ ಗುಜರಾತಿಯಲ್ಲಿ ಮಾತಿನ ಮಳೆ ಸುರಿಸುತ್ತ ಒಳಗೆ ಕರೆದಳು. ನಾನು ಅವಳತ್ತ ನಗುನಗುತ್ತಲೇ ನಮ್ಮವರಿಗೆ ಹೇಳಿದೆ, "ಎರಡ ಪಾವಟಿಗಿ ಇಳೀಬೇಕ್ರಿ. ಎಡಕ್ಕ ಚಪ್ಪಲಿ ರಾಶಿ ಐತಿ." ಅವರು ನಮಸ್ಕಾರ ಮಾಡುತ್ತ ಸಲೀಸಾಗಿ ಇಳಿದರು. "ಮುಂದ ಗಾಜಿನ ಟೀಪಾಯಿ. ಮೊಣಕಾಲ ಜ್ವಾಕಿ." ಸೋಫಾ ಸಿಕ್ಕಿತು. ಕೂತ ಮೇಲೆ ನನ್ನ ಉಸಿರು ತಿರುಗಿತು.

ಕಾಕಾ ಬಂದರೆಂದು ಹುಡುಗರು ಕಾಲು ಮುಟ್ಟಲು ಬಗ್ಗಿದರು. ನಮ್ಮವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಆ ಹುಡುಗಿ ಚಹಾ ತಂದಳು, ಗುಜರಾತಿನ ಒಣರೊಟ್ಟಿ ಖಾಖರಾ ಜೊತೆಗೆ ಶೇಂಗಾ ಚಟ್ನಿಪುಡಿ ಇಟ್ಟಳು. ಚಹಾ ಒಂದು ಗುಟುಕು ಕುಡಿದು ನಾನು, "ಚಾಕ್ಕ ಸಕ್ರಿ ಹಾಕ್ಯಾಳೋ, ಸಕ್ರಿಗೆ ಚಾ ಹಾಕ್ಯಾಳೋ?" ಎಂದೆ. ನಮ್ಮವರು ನಕ್ಕರು. ಹುಡುಗಿ ಟ್ರೇ ಹಿಡಿದು ಅಲ್ಲೇ ನಿಂತಿದ್ದಳು. ಚಟ್ನಿಪುಡಿ ಮಾತ್ರ ನಮ್ಮ ಮನೆಯದರಂತೆಯೇ ಖಾರವಾಗಿತ್ತು. ಎಲ್ಲೋ ಕೊಂಡು ತಂದಿರಬೇಕು ಅಂದುಕೊಂಡೆ.

ಅಷ್ಟರಲ್ಲಿ ಒಬ್ಬ ಹುಡುಗ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನೇರ ನಮ್ಮ ಮುಖಕ್ಕೆ ತಿರುಗಿಸಿದ. ಘೋಷಣೆ ನೋಡುವಾಗ ಅಭಿಮಾನಿಗಳು ಕುಣಿಯುವುದನ್ನು, ಅಳುವುದನ್ನು ಹೀಗೆ ಹಿಡಿದು ಲೋಕಕ್ಕೆ ತೋರಿಸುವುದು ಇವರಲ್ಲಿ ಪದ್ಧತಿಯಂತೆ. ಎಲ್ಲರೂ ನಕ್ಕ ಮೇಲೆ ನಗುವ ಒಂದು ಮುಖ ಅದರಲ್ಲಿ ಎದ್ದು ಕಾಣದೇ ಇರುತ್ತದೆಯೇ? "ಮುಂದ ಕ್ಯಾಮೆರಾ ಇಟ್ಟಾರ್ರಿ, ಏನ್ ಮಾಡೂಣು?" ಎಂದೆ. ಪುಣ್ಯಕ್ಕೆ ಹುಡುಗಿ ಬಂದು, ಫ್ಯಾನಿನ ಗಾಳಿಗೆ ಸ್ಟ್ಯಾಂಡ್ ಅಲುಗುತ್ತದೆ ಎಂದು ಅದನ್ನು ಆಚೆ ಮೂಲೆಗೆ ಸರಿಸಿದಳು. ಲೈಟು ಆರಿಸಲು ಎದ್ದವನಿಗೂ ಒಂದು ದೀಪ ಇರಲಿ ಎಂದಳು. ಥಿಯೇಟರಿನ ಮಜಾ ಹೋಯಿತೆಂದು ಹುಡುಗರು ಗೊಣಗಿದರು. ದೇವರು ದೊಡ್ಡವನು ಎಂದುಕೊಂಡೆ ನಾನು.

ಟೀವಿಯಲ್ಲಿ ನೀರಿನ ಸದ್ದು ಎದ್ದಿತು. ಕೋಣೆ ಗಪ್ಪಾಯಿತು. ಓಡುವ ಚಿತ್ರ ನಮ್ಮವರ ಬಳೆಯಷ್ಟು ನೋಟದೊಳಗೆ ನಿಲ್ಲುವುದಿಲ್ಲ, ನಾನೇ ಹೇಳತೊಡಗಿದೆ.

"ನದಿ ಕಾಣಾಕತ್ತೈತ್ರಿ. ಗಡಿಯಾರದ ಗೋಪುರ ಅರ್ಧಾ ಮುಳಗೈತಿ. ಒಬ್ಬ ಹುಡುಗ ಮಾಳಿಗಿ ಮ್ಯಾಲೆ ಓಡಾಕತ್ತಾನ."

"ದೋಣಿಯವ್ವ?"

"ಇಲ್ಲ."

"ನೀರಿನ ಕಡೆ ನೋಡ. ಅಕಿ ನೀರಿನ ಕಡೆ ಇರತಾಳ."

ಜೀವಮಾನದಲ್ಲಿ ಆ ಆಟ ಮುಟ್ಟದವಳು ನಾನು, ಪರೀಕ್ಷೆಗೆ ಕೂತವರ ಹಾಗೆ ಬೆವರುತ್ತಿದ್ದೆ. ಚಿತ್ರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಿದ್ದವು. ನಮ್ಮವರು ಮುಂದಕ್ಕೆ ಬಗ್ಗಿದರು. ಅವರು ಇಡಹೋದ ಚಹಾದ ಕಪ್ಪು, ಟೀಪಾಯಿಯ ಅಂಚು ತಪ್ಪಿ ಗಾಳಿಗೆ ಬಂತು. ನಾನು ಗಬಕ್ಕನೆ ಕಪ್ಪು ಹಿಡಿದೆ. ಅದೇ ಕ್ಷಣಕ್ಕೆ ಕೋಣೆಯೆಲ್ಲ ಎದ್ದು ನಿಂತು ಕಿರುಚಿತು. ಒಬ್ಬ ಹುಡುಗ ಸೋಫಾದ ಮೇಲೇ ಹತ್ತಿದ. ಇನ್ನೊಬ್ಬ ತಲೆ ಹಿಡಿದುಕೊಂಡು ಕೂತ.

"ಏನಾತು?"

"ನೋಡಲಿಲ್ರಿ. ಏನೋ ಹಸಿರ ಹೋದಂಗಾತು."

"ಹಸಿರಂದ್ರ ಎಂಥಾ ಹಸಿರು?"

"ಹಸಿರಂದ್ರ ಹಸಿರ್ರಿ!"

ನಮ್ಮವರು ತಡವಾಗಿ ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ, ಆಟ ಬರುವುದು ಮುಂದಿನ ವರ್ಷದ ಕೊನೆಗೆ ಎಂದು ಬಂತು. ಅಯ್ಯೋ ಎಂದರು ಎಲ್ಲರೂ, ಮರುಕ್ಷಣವೇ ಸಮಾಧಾನ ಮಾಡಿಕೊಂಡರು. ಇಷ್ಟು ವರ್ಷ ಕಾದವರಿಗೆ ಇನ್ನೊಂದು ವರ್ಷ ಯಾವ ಲೆಕ್ಕ ಎಂದ ಒಬ್ಬ. ಬೆಳಗ್ಗೆ ಮುಚ್ಚಿದ ಪೆನ್ನು ನನಗೆ ನೆನಪಾಯಿತು. ಆ ಹುಡುಗನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಪಾಪ, ಅವನೇನು ಮಾಡಿದ್ದ?

ಆಮೇಲೆ ಶುರುವಾಯಿತು ನಿಜವಾದ ಸಂಕಟ. ಬಂದದ್ದು ದೋಣಿಯವ್ವನೋ ಅವಳ ಮಗಳೋ ಎಂದು ಹುಡುಗರಲ್ಲಿ ಎರಡು ಪಂಗಡವಾಯಿತು. ಮುಖ ಕಂಡಿರಲಿಲ್ಲವಂತೆ, ಶಾಲು ಮಾತ್ರ ಕಂಡಿತ್ತಂತೆ. ಶಾಲಿನ ಬಣ್ಣ ಅದೇ ಆಗಿದ್ದರೆ ಅವಳೇ. ಬಣ್ಣದ ಮಾತು ಬಂದದ್ದೇ ಎಲ್ಲರೂ, ಮಿಲ್ಲಿನಲ್ಲಿ ಬಣ್ಣ ಹೊಂದಿಸಿದ ಕಾಕಾ ಇದ್ದಾರಲ್ಲ ಎಂದು ನಮ್ಮವರ ಕಡೆ ತಿರುಗಿದರು.

"ಕಾಕಾ, ನೀವು ಹೇಳಿ!"

ನಮ್ಮವರು ನೀರು ಕುಡಿದರು. ಇನ್ನೊಮ್ಮೆ ನೋಡಬೇಕು ಎಂದರು, ಹಿಂದಿಯಲ್ಲಿ. ಆ ಕ್ಷಣವನ್ನು ಪರದೆಯ ಮೇಲೆ ನಿಲ್ಲಿಸುತ್ತೇವೆ, ಹತ್ತಿರ ಬಂದು ನೋಡಿ ಎಂದು ಒಬ್ಬ ರಿಮೋಟು ಎತ್ತಿಕೊಂಡ. ಸೋಫಾಕ್ಕೂ ಟೀವಿಗೂ ನಡುವೆ ಟೀಪಾಯಿ, ವೈರು, ನೆಲದಲ್ಲಿ ಕಾಲು ಚಾಚಿದ ಹುಡುಗರು, ಒಂದೇ ಒಂದು ದೀಪದ ಬೆಳಕು. ನಮ್ಮವರು ನನ್ನ ಕೈ ಹಿಂಡಿದರು. ಆಗ ಹುಡುಗಿ ಥಟ್ಟನೆ ಲೈಟೆಲ್ಲ ಹಾಕಿ, ಕಾಕಾಗೆ ವಡೋದರಾದ ರೈಲು ತಪ್ಪುತ್ತದೆ, ಬಿಡಿ ಅವರನ್ನು ಎಂದು ಗದರಿದಳು.

ಆಟೋ ಹತ್ತಿಸಲು ಅವಳೂ ಲಿಫ್ಟಿನಲ್ಲಿ ಬಂದಳು. ಬಾಗಿಲು ಮುಚ್ಚಿದ್ದೇ ತಡ ನಮ್ಮವರು ಸಿಡಿದರು.

"ನೋಡಬೇಕಾದ್ದ ಅದೊಂದ. ಅದನ್ನ ಬಿಟ್ಟು ಎಲ್ಲಾ ನೋಡೀದಿ!"

"ನಿಮ್ಮ ಕಪ್ಪ ಹಿಡೀಲೋ, ಟೀವಿ ನೋಡಲೋ? ನಂಗ ಇರೂವು ಎರಡ ಕಣ್ಣು!"

ಹುಡುಗಿ ನೆಲ ನೋಡುತ್ತಿದ್ದವಳು ಮುಖ ಎತ್ತಿದಳು. ಒಂದೊಂದೇ ಶಬ್ದ ಹುಡುಕಿ, ಹೊಸದಾಗಿ ಸೈಕಲ್ ಕಲಿಯುವವರಂತೆ ಹೇಳಿದಳು.

"ಕಾಕಾ... ಆಂಟಿ ನೋಡಿಲ್ಲ. ನಾನು ನೋಡೀನಿ. ಅಕಿ ಇದ್ದಳು. ಕಿಡಕಿ ಹಿಂದ."

ಲಿಫ್ಟು ಕೆಳಗೆ ಬಂದು ಬಾಗಿಲು ತೆರೆಯಿತು. ನಾವು ಯಾರೂ ಹೊರಗೆ ಕಾಲಿಡಲಿಲ್ಲ.

"ಅಪ್ಪ ಗದಗ ಕಡೆ. ನಾನು ಹುಟ್ಟಿದ್ದು ಇಲ್ಲೇ ಅಹಮದಾಬಾದ್, ಚಾಂದ್‌ಖೇಡಾ, ಅಪ್ಪನ ಕ್ವಾರ್ಟರ್ಸ್‌ದಾಗ. ಎಲ್ಲಾ ತಿಳೀತದ. ಮಾತು ಛಲೋ ಬರೂದಿಲ್ಲ." ನನ್ನ ಕಡೆ ನೋಡಿ, "ಸಕ್ರಿ ಮುಂದಿನ ಸಲ ಕಡಿಮಿ ಹಾಕ್ತೀನಿ" ಎಂದಳು.

ಗೋಡೆಗೂ ಕಿವಿ ಇರುತ್ತದೆ ಎಂದು ಗೊತ್ತಿತ್ತು, ಆ ಕಿವಿಗೆ ಕನ್ನಡ ಬರುತ್ತದೆ ಎಂದು ಯಾರು ಕಂಡಿದ್ದರು? ಪಾವಟಿಗೆ, ಟೀಪಾಯಿ, ಕ್ಯಾಮೆರಾ, ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ. ನನಗೆ ನಮ್ಮವರ ಮುಖ ನೋಡಲು ಭಯವಾಯಿತು. ಈಗ ಇವಳೂ ಒಳ್ಳೆಯವಳಾಗುತ್ತಾಳೆ, ಮೊಣಕೈ ಹಿಡಿದು ಆಟೋದವರೆಗೆ ನಡೆಸುತ್ತಾಳೆ, ಇವರು ಆ ಗುಂಪನ್ನೂ ಬಿಟ್ಟುಬಿಡುತ್ತಾರೆ ಎಂದುಕೊಂಡೆ.

ಅವಳು ಕೈ ಚಾಚಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚದ ಹಾಗೆ ಕಾಲು ಅಡ್ಡ ಇಟ್ಟು ಸುಮ್ಮನೆ ಕಾದಳು.

ನಮ್ಮವರು ಅವಳ ದನಿ ಬಂದ ಕಡೆ ತಿರುಗಿ ಕೇಳಿದರು, "ಶಾಲು ಎಂಥಾ ಹಸಿರಿತ್ತು?"

ಹುಡುಗಿ ಕಣ್ಣು ಮುಚ್ಚಿ ಹುಡುಕಿದಳು. ಬಣ್ಣಗಳಿಗೆ ಅವಳ ಬಳಿ ಕನ್ನಡ ಇರಲಿಲ್ಲ, ಅಡುಗೆಮನೆಯ ಕನ್ನಡ ಇತ್ತು. "ಅಮ್ಮ ಮಿರ್ಚಿ ಭಜಿ ಕರೀತಾಳಲ್ಲ, ಆ ಮೆಣಸಿನಕಾಯಿ."

"ಅಂಚು?"

"ಅಂಚು ಬೆಳ್ಳಗ. ಒಗದು ಒಗದು ಆಗತದಲ್ಲ, ಹಂಗ."

"ಅಕೀನ!" ಎಂದು ನಮ್ಮವರು ಕೂಗಿದ ಕೂಗಿಗೆ ಪಾರ್ಕಿಂಗಿನ ವಾಚ್‌ಮನ್ ಎದ್ದು ನಿಂತ. "ಅಕೀನ! ಸತ್ತಿಲ್ಲ ಅಕಿ!" ಹುಡುಗಿಯೂ ಕಿರುಚಿ ಕುಣಿದಳು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ಆಟೋದಲ್ಲಿ ಕೂತ ಮೇಲೆ ನಮ್ಮವರು ತಲೆ ಹೊರಗೆ ಹಾಕಿದರು. "ಮ್ಯಾಲಿನವ್ರಿಗೆ ಹೇಳವಾ. ಕಾಕಾ ನೋಡಿ ಹೇಳ್ಯಾನ, ಅಕೀನ ಅಂತ."

ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು. "ಹೂಂ ಕಾಕಾ," ಎಂದಳು, "ನೋಡಿ ಹೇಳ್ಯಾರ ಅಂತ ಹೇಳತೀನಿ."