ಮತ್ತೆ ಕೇಳಿದ ಪ್ರಶ್ನೆ

ತೆಲುಗು ನಾಡಿನ ಗಚ್ಚಿಬೌಲಿಯಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅವನ್ನು ಕಟ್ಟುವ ಕೂಲಿಕಾರರ ಮಕ್ಕಳಿಗೆ ಯಾದಗಿರಿ ಕಡೆಯ ಶಾರದಾಬಾಯಿ ತಗಡಿನ ಶೆಡ್ಡೊಂದರಲ್ಲಿ ಪಾಠ ಹೇಳುತ್ತಿದ್ದರು. ಒಂಬತ್ತು ವರ್ಷದ ಅನುಭವ, ಅದರ ಗತ್ತೇ ಬೇರೆ. ಮಗು ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ, ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು. ಟೀಚರ್ ಮತ್ತೆ ಕೇಳಿದರೆಂದರೆ ಮೊದಲು ಹೇಳಿದ್ದು ತಪ್ಪು ಎಂದು ಮಕ್ಕಳೆಲ್ಲ ಕಲಿತಿದ್ದರು. ಏಳು ವರ್ಷದ ಭಾಗ್ಯಶ್ರೀಯೂ ಕಲಿತಿದ್ದಳು.

ಆ ಮಗುವಿನ ಮೇಲೆ ಯಾರೋ ಕೈ ಹಾಕಿದ್ದರು. ತಾಯಿ ಯಂಕಮ್ಮನ ಅನುಮಾನ ಹೋದದ್ದು ಪಕ್ಕದ ಜೋಪಡಿಯ, ಗಾರೆ ಕೆಲಸದ ಗೌಂಡಿ ಬೂದೆಪ್ಪನ ಮೇಲೆ. ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವನು, ಕಂಡ ಮಕ್ಕಳಿಗೆಲ್ಲ ಪೆಪ್ಪರಮಿಂಟು ಹಂಚುವವನು, ಅನುಮಾನಕ್ಕೆ ಇನ್ನೇನು ಬೇಕು? ಠಾಣೆಯವರಿಗೆ ಕನ್ನಡ ಬಾರದು, ಮಗುವಿಗೆ ತೆಲುಗು ಬಾರದು. ನಡುವೆ ಶಾರದಾಬಾಯಿಯನ್ನು ಕೂರಿಸಿದರು.

"ಬೂದೆಪ್ಪ ಕಾಕಾನ ಹೌದಲ್ಲೇನವಾ?" ಎಂದು ಕೇಳಿದರು ಅವರು. ಮಗು ಅಲ್ಲ ಎಂದಿತು. ಹೆದರಿದೆ ಪಾಪ ಎಂದುಕೊಂಡು ಮತ್ತೆ ಕೇಳಿದರು. ಮಗು ಅವರ ಮುಖವನ್ನೇ ನೋಡಿತು. ಮೂರನೆಯ ಸಲ ಕೇಳಿದಾಗ ಹೌದೆಂದು ತಲೆಯಾಡಿಸಿತು. ಶಾಣ್ಯಾ ಅದಿ ಎಂದು ಬೆನ್ನು ತಟ್ಟಿ, 'ಹೌದು' ಎಂಬುದನ್ನಷ್ಟೇ ತೆಲುಗಿನಲ್ಲಿ ಬರೆಯಿಸಿದರು. ಸಂಜೆಯೊಳಗೆ ಬೂದೆಪ್ಪ ಲಾಕಪ್ಪಿನಲ್ಲಿದ್ದ. ಪುಣ್ಯದ ಕೆಲಸವಾಯಿತೆಂದು ಶಾರದಾಬಾಯಿ ಹೊಟ್ಟೆ ತುಂಬ ಉಂಡರು.

ಎರಡು ತಿಂಗಳಾದ ಮೇಲೆ ಈ ಕೇಸಿಗೆಂದು ಮಕ್ಕಳ ಸಂಸ್ಥೆಯೊಂದರಿಂದ ಮೈಸೂರಿನ ಕೋಕಿಲಾ ಬಂದಳು. ಮಕ್ಕಳನ್ನು ಮಾತಾಡಿಸುವುದನ್ನೇ ಓದಿದವಳಂತೆ. ಅದಕ್ಕೂ ಓದಬೇಕೇ ಎಂದು ಶಾರದಾಬಾಯಿ ಒಳಗೊಳಗೇ ಮೂಗು ಮುರಿದರು. ಕೋಕಿಲಾ ಮಗುವಿನೆದುರು ಚಾಪೆಯ ಮೇಲೆ ಕೂತಳು.

"ನಾನು ಅಲ್ಲಿರಲಿಲ್ಲ ಪುಟ್ಟಾ, ನಂಗೇನೂ ಗೊತ್ತಿಲ್ಲ. ನಿಂಗೂ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು. ಏನಾಯ್ತು, ನೀನೇ ಹೇಳು."

ಯಾರ ಹೆಸರನ್ನೂ ಎತ್ತಲಿಲ್ಲ. ಮಗು ಸುಮ್ಮನಾದರೆ ತಾನೂ ಸುಮ್ಮನೆ ಕಾದಳು. ಬಾಗಿಲಲ್ಲಿ ಕೂತ ಶಾರದಾಬಾಯಿಗೆ ನಡುವೆ ಬಾಯಿ ಹಾಕದೆ ಇರುವುದೇ ದೊಡ್ಡ ಕಷ್ಟವಾಯಿತು. ಕೊನೆಗೆ ಮಗು ತಾನಾಗಿಯೇ ಹೇಳಿತು: ನೀರಿನ ಟ್ಯಾಂಕರಿನ ಡ್ರೈವರು.

"ಬೂದೆಪ್ಪ ಕಾಕಾ ಅಲ್ಲ ಅಂತ ಮೊದಲ ಹೇಳಿದ್ದೆ," ಎಂದಿತು. "ಟೀಚರ್ ಮತ್ತ ಕೇಳಿದ್ರು. ತಪ್ಪಾಗೇತಿ ಅಂತ ಹೌದಂದೆ."

ಆಮೇಲೆ ಎರಡು ದಿನ ಶಾರದಾಬಾಯಿ ಯಾರ ಮುಖವನ್ನೂ ನೋಡಲಿಲ್ಲ. ಠಾಣೆಯ ಕಾಗದದಲ್ಲಿ ಇದ್ದದ್ದು 'ಹೌದು' ಮಾತ್ರ, ಮೂರು ಸಲ ಕೇಳಿದ್ದು ಎಲ್ಲೂ ಇರಲಿಲ್ಲ. ತಾವು ಬಾಯಿ ಬಿಡದಿದ್ದರೆ ಮಗುವಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎನ್ನುತ್ತಾರೆ, ಬೂದೆಪ್ಪ ಜೈಲಿನಲ್ಲೇ ಕೊಳೆಯುತ್ತಾನೆ. ಬಾಯಿ ಬಿಟ್ಟರೆ ಶಾಲೆಯೂ ಮರ್ಯಾದೆಯೂ ಹೋಗುತ್ತವೆ. ಸುಮ್ಮನಿದ್ದುಬಿಡೋಣ ಎಂದು ಅವರಿಗೆ ಅನ್ನಿಸದೆ ಇರಲಿಲ್ಲ, ಅದಕ್ಕಾಗಿ ಅವರು ಇಂದಿಗೂ ನಾಚುತ್ತಾರೆ. ಮೂರನೆಯ ದಿನ ಹೋಗಿ ನ್ಯಾಯಾಧೀಶರ ಮುಂದೆ ಎಲ್ಲವನ್ನೂ ಬರೆದುಕೊಟ್ಟರು.

ಡ್ರೈವರನ್ನು ಹಿಡಿದರು, ಬೂದೆಪ್ಪನನ್ನು ಬಿಟ್ಟರು. ಅಷ್ಟರಲ್ಲಿ ಅವನ ಜೋಪಡಿ ಕಿತ್ತುಹಾಕಿದ್ದರು. ಅವನು ಊರಿಗೆ ಹೊರಟ ದಿನ ಶಾರದಾಬಾಯಿ ಮೆಹದಿಪಟ್ಟಣಂ ಬಸ್ ನಿಲ್ದಾಣಕ್ಕೆ ಓಡಿದರು, ಜನರೆದುರೇ ಕೈಮುಗಿದರು, ತಪ್ಪಾತೆಂದು ಅತ್ತರು. ಬೂದೆಪ್ಪ ಸಿಟ್ಟಾಗಲಿಲ್ಲ. ಗಂಟನ್ನು ಬಸ್ಸಿನೊಳಗಿಟ್ಟು ಅವರ ಕಡೆ ತಿರುಗಿದ.

"ಕೂಸಿಗೆ ಮೂರು ಸಲ ಕೇಳಿದ್ರಂತ, ಟೀಚರ್. ನನಗ ಒಂದ ಸಲ ಕೇಳಬೇಕಾಗಿತ್ತಲ್ರಿ."