ಮೇನ್ ಸ್ವಿಚ್ಚಿನ ಮುಂದೆ

ದೇಶದ ಹಳ್ಳಿಹಳ್ಳಿಗೂ ಇಂಟರ್ನೆಟ್ ಕೇಬಲ್ಲನ್ನು ಸರ್ಕಾರವೇ ಎಳೆಯಬೇಕೋ, ಖಾಸಗಿಯವರಿಗೆ ಬಿಡಬೇಕೋ ಎಂಬ ಜಗಳ ನಮ್ಮೂರ ಪಂಚಾಯಿತಿ ಕಟ್ಟೆಯ ಮೇಲೂ ದಿನಾ ನಡೆಯುತ್ತಿತ್ತು. ಹೊಳೆಹೊನ್ನೂರಿನಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಧ್ಯಕ್ಷರು ಸರ್ಕಾರದ ಕಡೆ. ಲಾಭವಿಲ್ಲದ ಊರಿಗೆ ಯಾವ ಕಂಪನಿ ಬರುತ್ತದೆ ಎಂಬುದು ಅವರ ವಾದ. ಎದುರು ಪಕ್ಷದ ಮುಖಂಡರು ಗೊಬ್ಬರದಂಗಡಿಯವರು. ಸರ್ಕಾರಿ ಕೇಬಲ್ ಬಂದಿದೆಯಲ್ಲ, ಸಂಜೆಯಾದರೆ ಸಾಯುತ್ತದಲ್ಲ, ಇನ್ನೇನು ಸಾಕ್ಷಿ ಬೇಕು ಎಂದು ಅವರು ಕೇಳುತ್ತಿದ್ದರು.

ಸಂಜೆ ಸಾಯುತ್ತಿದ್ದದ್ದು ನಿಜ. ಅದರ ಜೊತೆ ನನ್ನ ಕೆಲಸವೂ ಸಾಯುತ್ತಿತ್ತು. ಶಿವಮೊಗ್ಗದ ಒಂದು ಆಸ್ಪತ್ರೆಯ ಬಿಲ್ಲುಗಳನ್ನು ನಾನು ಮನೆಯಲ್ಲೇ ಕೂತು ಕಂಪ್ಯೂಟರಿಗೆ ಹಾಕುತ್ತಿದ್ದೆ. ಲಕ್ವ ಹೊಡೆದ ಅತ್ತೆಯ ಆರೈಕೆ ಹಗಲೆಲ್ಲ ನನ್ನದು, ಸಂಜೆ ಗಂಡ ಬಂದ ಮೇಲೆ ಈ ಕೆಲಸ. ದಿನಾ ಅರ್ಧಕ್ಕೇ ನಿಲ್ಲುವುದನ್ನು ಕಂಡು ಆಸ್ಪತ್ರೆಯವರು, ಮುಂದಿನ ತಿಂಗಳಿಂದ ಇಲ್ಲಿಗೇ ಬಂದು ಮಾಡಿ, ಇಲ್ಲವೇ ಬಿಡಿ ಎಂದರು. ಅತ್ತೆಯನ್ನು ಬಿಟ್ಟು ಹೋಗುವಂತಿರಲಿಲ್ಲ. ಕೆಲಸ ಬಿಡಲು ನಾನು ತಯಾರಿರಲಿಲ್ಲ.

ಜಗಳವಾಡಲೆಂದೇ ಒಂದು ಸಂಜೆ ಪಂಚಾಯಿತಿಗೆ ಹೋದೆ. ಅಟೆಂಡರ್ ಬಾಗಿಲು ಹಾಕುತ್ತಿದ್ದರು. ಬೀಗ ತೆಗೆದುಕೊಂಡವರು ಕೈ ಚಾಚಿ ಮೇನ್ ಸ್ವಿಚ್ ಇಳಿಸಿದರು. ಊರಿಗೆಲ್ಲ ಇಂಟರ್ನೆಟ್ ಹಂಚುವ ಕೇಬಲ್ ಪೆಟ್ಟಿಗೆ ಇದ್ದದ್ದು ಆ ಕಚೇರಿಯೊಳಗೇ, ಅದರ ಹಸಿರು ದೀಪಗಳು ಆರಿಹೋದವು. ಎಂದೋ ಸಿಡಿಲಿಗೆ ಕಚೇರಿಯ ಕಂಪ್ಯೂಟರ್ ಸುಟ್ಟಿತ್ತಂತೆ, ಅಂದಿನಿಂದ ಇದೇ ರೂಢಿ. ನಗುವಂತೆಯೂ ಇರಲಿಲ್ಲ, ಗುಡುಗು ಕೇಳಿದರೆ ನಾನೂ ಮನೆಯ ಮೇನ್ ಇಳಿಸುವವಳೇ.

ಕಟ್ಟೆಯ ಮೇಲಿದ್ದ ಇಬ್ಬರಿಗೂ ವಿಷಯ ತಿಳಿಸಿದೆ. ಕೇಬಲ್ಲಿನದೇನೂ ತಪ್ಪಿಲ್ಲ ನೋಡಿ ಎಂದು ಅಧ್ಯಕ್ಷರು ಬೀಗಿದರು. ಸರ್ಕಾರಿ ಕಚೇರಿಯಲ್ಲಿಟ್ಟರೆ ಇದೇ ಗತಿ ಎಂದು ಗೊಬ್ಬರದಂಗಡಿಯವರು ನಕ್ಕರು. ವಾದ ಹೊಸ ಹುರುಪಿನಿಂದ ಶುರುವಾಯಿತು. ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸೋಣ ಎಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಸಂಜೆ ಗಂಡ ಬಂದ ಕೂಡಲೇ ಹೋಗಿ, ಕಚೇರಿಯದೇ ಕುರ್ಚಿ ಎಳೆದು ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತೆ. ಪೆಟ್ಟಿಗೆಗೆ ಬೇರೆ ಲೈನು, ಬೇರೆ ಸ್ವಿಚ್ಚು ಹಾಕಿಸುವವರೆಗೂ ಏಳುವುದಿಲ್ಲ ಎಂದೆ.

"ಅಕ್ಕ, ಬೀಗ ಹಾಕ್ಬೇಕು," ಎಂದರು ಅಟೆಂಡರ್, ಪಾಪ.

"ನನ್ನನ್ನೂ ಸೇರ್ಸಿ ಹಾಕಿ."

ಸುದ್ದಿ ಕಟ್ಟೆಗೆ ಮುಟ್ಟಿತು. ಒಬ್ಬರ ಮುಖ ಒಬ್ಬರಿಗಾಗದ ಅವರಿಬ್ಬರೂ ಒಟ್ಟಿಗೇ ಒಳಗೆ ಬಂದರು. ಇದು ದೊಡ್ಡ ಮಟ್ಟದಲ್ಲಿ ತೀರ್ಮಾನವಾಗಬೇಕಾದ ವಿಚಾರ, ಹೆಂಗಸರು ಹೀಗೆ ಕೂರುವುದು ಚೆಂದವಲ್ಲ, ಮನೆಗೆ ಹೋಗಮ್ಮ ಎಂದು ಇಬ್ಬರೂ ಹೇಳಿದರು. ಅಷ್ಟು ವರ್ಷಗಳ ಚರ್ಚೆಯಲ್ಲಿ ಎರಡೂ ಪಕ್ಷದವರು ಒಪ್ಪಿದ ಮಾತು ಅದೊಂದೇ.

ನಾನು ಕುರ್ಚಿಯನ್ನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ. ಕೊನೆಗೆ ಗೊಬ್ಬರದಂಗಡಿಯವರು ಭದ್ರಾವತಿಯ ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಿದರು. ಅಧ್ಯಕ್ಷರು ಅದನ್ನು ಕಿತ್ತುಕೊಂಡು, ಪಂಚಾಯಿತಿಯಿಂದ ಮಾತಾಡ್ತಿರೋದು, ಈಗಲೇ ಬಾ ಎಂದರು.