ಗೆರೆ ಎಳೆಯದ ಪುಟ

ಆ ವಿಶ್ವವಿದ್ಯಾಲಯದಲ್ಲಿ ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಅಡ್ಡಗೆರೆ ಅಕ್ಕ. ಅದು ಅವಳ ಕಿವಿಗೂ ಬಿದ್ದಿತ್ತು. ಬಿದ್ದರೂ ಬೀಳದ ಹಾಗೆ ಇಪ್ಪತ್ತೇಳು ವರ್ಷ ಓಡಾಡಿಕೊಂಡಿದ್ದಳು. ಗಟ್ಟಿ ಹೆಂಗಸು.

ಅವಳಿದ್ದದ್ದು ಪೇಟೆಂಟ್ ಕಚೇರಿಯಲ್ಲಿ. ಹೊಸದೊಂದನ್ನು ಕಂಡುಹಿಡಿದವರು 'ಇದು ನನ್ನದು, ನನ್ನ ಕೇಳದೆ ಯಾರೂ ಮಾಡಿ ಮಾರಬೇಡಿ' ಅಂತ ಸರ್ಕಾರದಿಂದ ಬರೆಸಿಕೊಳ್ಳುವ ಕಾಗದವೇ ಪೇಟೆಂಟು. ಆದರೆ ಕಂಡುಹಿಡಿಯುವ ಮೇಷ್ಟ್ರುಗಳಿಗೆ ಕಾಗದಪತ್ರದ ಗೊಡವೆ ಆಗದು; ಅವರಲ್ಲಿ ಅರ್ಧ ಜನಕ್ಕೆ ತಮ್ಮ ಕನ್ನಡಕ ಎಲ್ಲಿದೆ ಅನ್ನೋದೇ ಗೊತ್ತಿರುವುದಿಲ್ಲ. ಅದಕ್ಕೇ ಈ ಕಚೇರಿ. ಅರ್ಜಿ ಬರೆಸುವುದು, ವಕೀಲರನ್ನು ಹಿಡಿಯುವುದು, ಮೊದಲ ಮಾದರಿ ಮಾಡಲು ಕೈಗಾಸು ಕೊಡಿಸುವುದು, ಕೊನೆಗೆ ಅದನ್ನು ತಯಾರಿಸುವ ಕಂಪನಿಯೊಂದನ್ನು ಹುಡುಕಿ ತಂದು ಮೇಷ್ಟ್ರ ಪಕ್ಕ ಕೂರಿಸುವುದು. "ನಮ್ಮದು ಗಂಡು-ಹೆಣ್ಣು ಕುದುರಿಸೋ ಕೆಲಸ ಕಣ್ರೀ, ಬರೀ ಊಟ ಒಂದು ಹಾಕ್ಸಲ್ಲ" ಅಂತ ಅಕ್ಕ ತಮಾಷೆ ಮಾಡುತ್ತಿದ್ದಳು.

ಇದರಲ್ಲಿ ಅವಳ ಪಾಲಿನ ಕೆಲಸ ಸಾಕ್ಷಿ ಹಾಕುವುದು. ದಿನಾ ನಾಲ್ಕು ಗಂಟೆಗೆ ಕೆಂಪು ಪೆನ್ನು, ಅಡಿಪಟ್ಟಿ ಹಿಡಿದು ಲ್ಯಾಬಿನಿಂದ ಲ್ಯಾಬಿಗೆ ಹೊರಡುವಳು. ಯಾರು ಏನನ್ನು ಯಾವತ್ತು ಕಂಡುಕೊಂಡರು ಅನ್ನುವುದಕ್ಕೆ ನಾಳೆ ತಕರಾರು ಬರಬಾರದಲ್ಲ, ಹಾಗಾಗಿ ಪ್ರತಿಯೊಬ್ಬರೂ ಅವತ್ತಿನ ಪ್ರಯೋಗವನ್ನು ಹೊಲಿದ ಪುಸ್ತಕದಲ್ಲಿ ಬರೆಯಬೇಕು. ಅಕ್ಕ ಅದನ್ನು ಓದಿ, ಪುಟದ ಬುಡದಲ್ಲಿ 'ಓದಿದೆ, ಅರ್ಥವಾಯಿತು' ಅಂತ ಬರೆದು ಸಹಿ ಹಾಕಬೇಕು. ಪುಟದಲ್ಲಿ ಖಾಲಿ ಜಾಗ ಉಳಿದಿದ್ದರೆ ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ. ಯಾಕೆಂದರೆ ಸಹಿ ಕೆಳಗಿದೆ. ಅದರ ಮೇಲೆ ಯಾರು ಏನು ಗೀಚಿದರೂ ಅಕ್ಕ ಓದಿ ಒಪ್ಪಿದ ಲೆಕ್ಕವೇ ಆಗಿಬಿಡುತ್ತದೆ. ಈ ಗೆರೆಯ ವಿಷಯದಲ್ಲಿ ಅವಳು ಯಾರ ಮಾತಿಗೂ ಜಗ್ಗಿದವಳಲ್ಲ. ಎರಡು ಬೆರಳಿನಷ್ಟು ಜಾಗ ಕಂಡರೂ ಅಡಿಪಟ್ಟಿ ಇಟ್ಟಳೇ.

ಒಂದೇ ಒಂದು ಸಲ ಬಿಟ್ಟಿದ್ದಳು, ಎಡಗೈ ಮೇಷ್ಟ್ರ ಪುಸ್ತಕದಲ್ಲಿ.

ಎಡಗೈ ಮೇಷ್ಟ್ರು ಎಡಗೈಲಿ ಬರೆಯುತ್ತಿದ್ದರು. ಬರೆದ ಅಕ್ಷರದ ಮೇಲೇ ಅಂಗೈ ಎಳೆದು ಪ್ರತಿ ಸಾಲಿಗೂ ಮಸಿಯ ಬಾಲ ಹಚ್ಚುತ್ತಿದ್ದರು. ಅವರು ಕಂಡುಹಿಡಿದದ್ದು ಉಸಿರುಪಟ್ಟಿ. ಎಳೆಗೂಸಿನ ಎದೆಗೆ ಅಂಟಿಸುವ ಬೆರಳುದ್ದದ ಪಟ್ಟಿ; ನಿಮಿಷಕ್ಕೆ ಎಷ್ಟು ಉಸಿರು ಅಂತ ಪಕ್ಕದಲ್ಲಿಟ್ಟ ಡಬ್ಬಿಯ ಮೇಲೆ ತೋರಿಸುತ್ತದೆ, ಉಸಿರು ನಿಂತರೆ ಡಬ್ಬಿ ಕಿರುಚುತ್ತದೆ. ಅವರ ಜೊತೆ ಕೈ ಜೋಡಿಸಿದವಳು ಅಕ್ಕನ ಸ್ವಂತ ತಂಗಿಯ ಮಗಳು. ಅಕ್ಕನ ಮಡಿಲಲ್ಲೇ ಬೆಳೆದ ಹುಡುಗಿ, ಈಗ ಅಲ್ಲೇ ಉಪನ್ಯಾಸಕಿ. ಸಂಬಂಧಿಕರ ಪುಸ್ತಕಕ್ಕೆ ಸಾಕ್ಷಿ ಹಾಕುವ ಹಾಗಿಲ್ಲ ಅನ್ನುವುದು ಕಚೇರಿಯ ನಿಯಮ. ಹಾಗಾಗಿ ಅವಳ ಪುಸ್ತಕಕ್ಕೆ ಕಚೇರಿಯ ಮುಖ್ಯಸ್ಥರು, ಎಲ್ಲರೂ ಸಾಹೇಬರು ಅನ್ನುವವರು, ಸಹಿ ಹಾಕುತ್ತಿದ್ದರು. ಮೇಷ್ಟ್ರದ್ದಕ್ಕೆ ಅಕ್ಕ.

ಹನ್ನೊಂದು ತಿಂಗಳ ಹಿಂದೆ ಒಂದು ದಿನ ಮೇಷ್ಟ್ರು ಅರ್ಧ ಪುಟ ಬರೆದು ಎದೆ ಹಿಡಿದುಕೊಂಡು ಕೂತಿದ್ದರು. ಅಕ್ಕ ಸಹಿ ಹಾಕಿ ಅಡಿಪಟ್ಟಿ ಇಟ್ಟಾಗ ಕೈ ಅಡ್ಡ ತಂದರು.

"ಇವತ್ತು ಗೆರೆ ಎಳೀಬೇಡಿ ತಾಯಿ. ಇನ್ನೊಂದು ಮಾತು ಬರೆಯೋದಿದೆ. ನಾಳೆ ಬರೀತೀನಿ."

"ನಾಳೇದು ನಾಳೆ ಪುಟದಲ್ಲಿ ಬರೀರಿ ಮೇಷ್ಟ್ರೇ."

"ಇಲ್ಲ ತಾಯಿ, ಅದು ಇದೇ ಪುಟದಲ್ಲಿ ಇರ್ಬೇಕು. ನಿಮ್ಮ ಸಹಿ ಮೇಲೇ ಇರ್ಬೇಕು."

ಆ ಮುಖ ನೋಡಿ ಅಕ್ಕನ ಕರುಳು ಚುರುಕ್ಕೆಂದಿತು. ಹಾಳಾಗಿ ಹೋಗಲಿ, ಒಂದು ದಿನ ತಾನೇ ಅಂದುಕೊಂಡು ಬಿಟ್ಟಳು. ಮೇಷ್ಟ್ರು ಸಂಜೆಯೇ ಆಸ್ಪತ್ರೆ ಸೇರಿದರು, ಮೂರನೆಯ ದಿನ ತೀರಿಕೊಂಡರು. ಪುಸ್ತಕ ಕಬ್ಬಿಣದ ಬೀರುವಿನೊಳಗೆ ಹೋಯಿತು. ಬೀರುವಿಗೆ ಇದ್ದದ್ದು ಒಂದೇ ಕೀಲಿಕೈ, ಅದು ಅಕ್ಕನ ಕೊರಳ ದಾರದಲ್ಲಿ.

ಈಗ ಕಂಪನಿಯೊಂದು ಉಸಿರುಪಟ್ಟಿ ತಯಾರಿಸಲು ಮುಂದೆ ಬಂದಿತ್ತು. ಮೊದಲ ಐನೂರು ಪಟ್ಟಿ ಹೆರಿಗೆ ಆಸ್ಪತ್ರೆಗಳಿಗೆ ಹೋಗುವುದಿತ್ತು. ಒಪ್ಪಂದ ಆದರೆ ತಂಗಿ ಮಗಳ ನೌಕರಿ ಕಾಯಂ. ಆಗದಿದ್ದರೆ ಬರುವ ವರ್ಷ ಮನೆಗೆ. ಗುರುವಾರ ಕಂಪನಿಯ ವಕೀಲೆ ಪುಸ್ತಕಗಳನ್ನೆಲ್ಲ ನೋಡಲು ಬರುವವರಿದ್ದರು.

ಸೋಮವಾರ ಪುಟ ಎಣಿಸಿ ಪಟ್ಟಿ ಮಾಡಲು ಅಕ್ಕ ಮೇಷ್ಟ್ರ ಪುಸ್ತಕ ತೆಗೆದಳು. ಕೊನೆಯ ಪುಟ ಬಂತು. ಖಾಲಿ ಬಿಟ್ಟಿದ್ದ ಜಾಗದಲ್ಲಿ ಒಂದು ಸಾಲು.

'ಪಟ್ಟಿಯನ್ನು ಬೊಂಬೆಗೆ ಅಂಟಿಸಿ ನೋಡಿದೆ.'

ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಅದೇ ಅಕ್ಷರ, ಅದೇ ಮಸಿಯ ಬಾಲ. ಅವತ್ತು ಈ ಸಾಲು ಇತ್ತೇ? ಇರಲಿಲ್ಲ, ಅವಳಿಗೆ ಖಂಡಿತ ಗೊತ್ತು. ವಯಸ್ಸಾಯ್ತು, ತಲೆ ಕೆಟ್ಟಿರಬೇಕು ಅಂತ ತನ್ನನ್ನೇ ಬೈದುಕೊಂಡು ಬೀರು ಮುಚ್ಚಿದಳು. ಆದರೆ ಅವತ್ತು ಲ್ಯಾಬುಗಳಲ್ಲಿ ಪ್ರತಿ ಪುಟವನ್ನೂ ಎರಡೆರಡು ಸಲ ಓದಿ ಸಹಿ ಹಾಕಿದಳು.

ಮಂಗಳವಾರ ಬೆಳಿಗ್ಗೆ ಬಂದವಳೇ ಚೀಲ ಕೂಡ ಇಳಿಸದೆ ಬೀರು ತೆಗೆದಳು. ಎರಡನೇ ಸಾಲು ಬಂದಿತ್ತು.

'ಬಟ್ಟೆ ಸುತ್ತಿ ಬೆಚ್ಚಗಿಟ್ಟರೆ ಬೊಂಬೆಯೂ ಉಸಿರಾಡುತ್ತದೆ.'

ಅಕ್ಕ ಬೆರಳಿಟ್ಟು ಉಜ್ಜಿದಳು. ಬೆರಳಿಗೆ ಮಸಿ ಹತ್ತಿತು. ಇನ್ನೂ ಒದ್ದೆ! ಹನ್ನೊಂದು ತಿಂಗಳಿಂದ ಬೀಗದೊಳಗಿರುವ ಪುಸ್ತಕದಲ್ಲಿ, ಮಣ್ಣಿಗೆ ಹೋದ ಮನುಷ್ಯನ ಕೈಬರಹದಲ್ಲಿ, ಹಸಿ ಮಸಿ. ನಲ್ಲಿಯ ಕೆಳಗೆ ಮೂರು ಸಲ ಸೋಪು ಹಚ್ಚಿ ತೊಳೆದರೂ ಬೆರಳಿನ ಕಪ್ಪು ಹೋಗಲಿಲ್ಲ. ಯಾರಿಗೆ ಹೇಳುವುದು? ಸಾಹೇಬರಿಗೆ ಹೇಳಿದರೆ ರಜೆ ತಗೊಳ್ಳಿ ಅನ್ನುತ್ತಾರೆ. ತಂಗಿ ಮಗಳಿಗೆ ಹೇಳಿದರೆ ಅವಳ ಬಾಳಿಗೇ ಕಲ್ಲು ಹಾಕಿದ ಹಾಗೆ. ಅಕ್ಕ ಕೆಂಪು ಪೆನ್ನು ಕೈಗೆ ತಗೊಂಡಳು. ಈಗಲೇ ಗೆರೆ ಎಳೆದುಬಿಟ್ಟರೆ ಇನ್ನೊಂದು ಸಾಲು ಬರೆಯಲು ಜಾಗವೇ ಇರುವುದಿಲ್ಲ. ಅಡಿಪಟ್ಟಿಯನ್ನೂ ಇಟ್ಟಳು. ಆದರೆ ಮೇಷ್ಟ್ರ ಮಾತು ಮುಗಿದಿಲ್ಲ ಅನ್ನಿಸಿ ಕೈ ಮುಂದಕ್ಕೆ ಹೋಗಲಿಲ್ಲ.

ಬುಧವಾರ ಬೇಡ ಬೇಡ ಅಂದುಕೊಂಡೇ ಕೆಲಸ ಮಾಡಿದಳು. ಮಧ್ಯಾಹ್ನ ಹನ್ನೆರಡಕ್ಕೆ ತಡೆಯಲಾಗಲಿಲ್ಲ, ತೆಗೆದಳು.

'ಮಗುವಿಗೆ ಅಂಟಿಸಬೇಡಿ.'

ಎರಡೇ ಪದ ಇರಲಿ, ನೂರು ಇರಲಿ, ಅಕ್ಕನಿಗೆ ಮುಂದೆ ಏನೂ ಕಾಣಲಿಲ್ಲ. ತಂಗಿ ಮಗಳಿಗೆ ನಾಲ್ಕು ತಿಂಗಳ ಗಂಡುಕೂಸಿತ್ತು. ಅದರ ಎದೆಯ ಮೇಲೆ ಮೂರು ವಾರದಿಂದ ಉಸಿರುಪಟ್ಟಿ ಅಂಟಿಕೊಂಡೇ ಇತ್ತು. "ನನ್ನ ಮಗೂಗೇ ಹಾಕಿದೀನಿ ಅಂದ್ರೆ ಕಂಪನಿಯವರು ಇನ್ನೇನು ಕೇಳ್ತಾರೆ ದೊಡ್ಡಮ್ಮ" ಅಂತ ಅವಳು ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಬೀರು ಹಾಗೇ ಬಾಯಿ ತೆರೆದುಕೊಂಡಿರಲಿ ಅಂತ ಬಿಟ್ಟು ಅಕ್ಕ ಓಡಿದಳು. ಐವತ್ತೆಂಟು ವಯಸ್ಸಿನ ಹೆಂಗಸು ಹಿಂದಿನ ಗೇಟಿನಿಂದ ಎರಡು ಬೀದಿ ಓಡಿದಳು ಅಂದರೆ ನೋಡಿದವರು ಏನಂದುಕೊಂಡರೋ. ತಂಗಿ ಮಗಳ ಮನೆಯ ಅಡುಗೆಮನೆಯಲ್ಲಿ ತಂಗಿ ಬೀನ್ಸ್ ಮುರಿಯುತ್ತ ಕೂತಿದ್ದಳು. ಎದುರಿಗೆ ಕಟ್ಟೆಯ ಮೇಲೆ ಡಬ್ಬಿ.

"ಕೂಸೆಲ್ಲೇ?"

"ಮಲಗಿದೆ ಕಣಕ್ಕ. ಯಾಕೆ ಹೀಗೆ ಏದುಸಿರು ಬಿಡ್ತಿದ್ದೀಯ? ನೋಡು, ಮೂವತ್ತೆಂಟು ತೋರಿಸ್ತಿದೆ. ಬೆಳಿಗ್ಗೆಯಿಂದ ಒಂದೂ ಏರಿಲ್ಲ, ಒಂದೂ ಇಳಿದಿಲ್ಲ."

ಬೆಳಿಗ್ಗೆಯಿಂದ ಒಂದೂ ಏರಿಲ್ಲ, ಇಳಿದಿಲ್ಲ! ಯಾವ ಕೂಸು ಹಾಗೆ ಉಸಿರಾಡುತ್ತದೆ? ಅಕ್ಕ ಕೋಣೆಗೆ ನುಗ್ಗಿದಳು. ತೊಟ್ಟಿಲಲ್ಲಿ ದುಪ್ಪಟಿ ಕೂಸಿನ ಮುಖದ ಮೇಲೆ ಸುತ್ತಿಕೊಂಡಿತ್ತು. ಕಿತ್ತೆಸೆದಳು. ತುಟಿ ನೀಲಿಗಟ್ಟಿದೆ, ಕೈ ಜೋತುಬಿದ್ದಿದೆ. ಎತ್ತಿಕೊಂಡು ಬೆನ್ನು ತಟ್ಟಿದಳು, ಅಂಗಾಲು ತಿಕ್ಕಿದಳು, ಬಾಯಿಗೆ ಬಾಯಿಟ್ಟು ಊದಿದಳು. "ಅಯ್ಯೋ ಕಂದಾ, ಅಳೋ, ಅಳೋ ನನ್ನಪ್ಪಾ" ಅಂತ ತಾನೇ ಅಳುತ್ತಿದ್ದಳು. ಎಷ್ಟು ಹೊತ್ತೋ. ಕೊನೆಗೆ ಕೂಸು ಒಮ್ಮೆ ಬಿಕ್ಕಿತು, ಆಮೇಲೆ ಮನೆ ಹಾರಿಹೋಗುವಂತೆ ಕಿರುಚಿತು. ಬಾಗಿಲಲ್ಲಿ ನಿಂತ ತಂಗಿ ಹಾಗೇ ಕುಸಿದು ಕೂತಳು.

ಕೂಸು ಅಕ್ಕನ ಹೆಗಲ ಮೇಲೆ ಅಳುತ್ತಿತ್ತು. ಪಟ್ಟಿ ಎದೆಯಿಂದ ಕಿತ್ತು ತೊಟ್ಟಿಲಲ್ಲೇ, ಬೆಚ್ಚಗಿನ ದುಪ್ಪಟಿಯ ಮಡಿಕೆಯಲ್ಲಿ ಬಿದ್ದಿತ್ತು. ಅಕ್ಕ ಅಡುಗೆಮನೆಗೆ ಹೋಗಿ ಡಬ್ಬಿ ನೋಡಿದಳು. ಮೂವತ್ತೆಂಟು. ಖಾಲಿ ತೊಟ್ಟಿಲು ಹಾಯಾಗಿ, ಒಂದೇ ಸಮನೆ ಉಸಿರಾಡುತ್ತಿತ್ತು.

ಡಾಕ್ಟರು ಬಂದು ನೋಡಿ ಕೂಸಿಗೆ ಏನೂ ಅಪಾಯವಿಲ್ಲ ಅಂದರು. ಫೋನು ಹೋದ ಮೇಲೆ ತಂಗಿ ಮಗಳು ಬಂದಳು. ಕೂಸನ್ನು ಎದೆಗವಚಿಕೊಂಡು ಗೋಡೆಗೊರಗಿ ನಿಂತಳು. ಅಕ್ಕ ಡಬ್ಬಿಯನ್ನು ತಂದು ಅವಳ ಮುಂದೆ ಇಟ್ಟಳು. ಆಗಲೂ ಮೂವತ್ತೆಂಟೇ.

"ನಿನಗೆ ಗೊತ್ತಿತ್ತೇನೇ?" ಅಂದಳು ಅಕ್ಕ.

"ಇಲ್ಲ ದೊಡ್ಡಮ್ಮ, ನನ್ನಾಣೆ." ಕೂಸಿನ ತಲೆ ಸವರುತ್ತ ಹೇಳಿದಳು: "ಮೇಷ್ಟ್ರು ಆಸ್ಪತ್ರೆಯಿಂದ ಫೋನ್ ಮಾಡಿದ್ರು. ಬೊಂಬೆಗೆ ಹಾಕಿ ನೋಡು ಅಂದ್ರು. ಔಷಧಿ ಮಂಪರಲ್ಲಿ ಏನೋ ಬಡಬಡಿಸ್ತಿದ್ದಾರೆ ಅನ್ಕೊಂಡೆ. ಆಮೇಲೆ ಕಂಪನಿಯವರು ಬಂದ್ರಲ್ಲ… ಮುಂದೆ ನೋಡೋಣ ಅಂತ ಬಿಟ್ಟೆ."

"ನಾಳೆ ಏನು ಮಾಡ್ತೀಯ?"

ಅವಳು ಕೂಸನ್ನು ಅಜ್ಜಿಯ ಕೈಗಿಟ್ಟು, ಪಟ್ಟಿ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಎಲ್ಲಿಗೆ ಅಂತ ಅಕ್ಕನೂ ಕೇಳಲಿಲ್ಲ. ಕೇಳಲು ಹೆದರಿಕೆ.

ಗುರುವಾರ ಹತ್ತು ಗಂಟೆಗೆ ಸಾಹೇಬರ ಕೋಣೆಯಲ್ಲಿ ವಕೀಲೆ ಪುಸ್ತಕಗಳನ್ನು ಒಂದೊಂದಾಗಿ ತಿರುವಿದರು. ಮೇಷ್ಟ್ರ ಕೊನೆಯ ಪುಟಕ್ಕೆ ಬಂದು ನಿಂತರು. ಸಾಹೇಬರು ಬಗ್ಗಿ ನೋಡಿದವರೇ ಬೆಪ್ಪಾದರು. ಮೂರು ಸಾಲು, ಅದರ ಕೆಳಗೆ ಬೆರಳುದ್ದ ಖಾಲಿ ಜಾಗ, ಅದರ ಬುಡಕ್ಕೆ ಅಕ್ಕನ ಸಹಿ. ಗೆರೆ ಇಲ್ಲ.

"ನೀವು ಸಹಿ ಹಾಕಿದಾಗ ಈ ಮೂರು ಸಾಲು ಇತ್ತಾ ಅಮ್ಮಾ?" ವಕೀಲೆಯ ದನಿಯಲ್ಲಿ ಕೋಪವಿರಲಿಲ್ಲ, ಬರೀ ಪ್ರಶ್ನೆ ಇತ್ತು.

ಇತ್ತು ಅಂದರೆ ಸಾಕು, ಒಂದು ಕೂಸಿನ ಎದೆಗೂ ಆ ಪಟ್ಟಿ ಹೋಗುವುದಿಲ್ಲ. ಆದರೆ ಅದು ಸುಳ್ಳು. ಅದರ ಜೊತೆಗೆ, ಇಷ್ಟು ದಿನ ಗೊತ್ತಿದ್ದೂ ಮುಚ್ಚಿಟ್ಟಳು ಅಂತ ತಂಗಿ ಮಗಳ ತಲೆಗೆ ಕಟ್ಟುತ್ತಾರೆ. ಇರಲಿಲ್ಲ ಅಂದರೆ ಯಾರೋ ಕಿಡಿಗೇಡಿ ಗೀಚಿದ್ದು ಅಂತ ಬದಿಗೆ ಸರಿಸಿ, ಇವತ್ತೇ ಒಪ್ಪಂದ ಮುಗಿಸುತ್ತಾರೆ. ಅಕ್ಕ ಬೆರಳಿನ ಕಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಇಪ್ಪತ್ತೇಳು ವರ್ಷ ಅವಳು ಓದಿದ್ದನ್ನೇ ಓದಿದೆ ಅಂದವಳು.

"ಇರಲಿಲ್ಲ" ಅಂದಳು.

ನಿನ್ನೆ ಕೂಸಿಗೆ ಆದದ್ದನ್ನು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಉಸ್ಸಪ್ಪಾ ಅಂತ ಕುರ್ಚಿಗೆ ಒರಗಿದರು. "ನೋಡಿ ಮೇಡಂ, ನಮ್ಮಕ್ಕನ ಮಾತಿಗೆ ಎರಡಿಲ್ಲ. ಇದನ್ನ ಲೆಕ್ಕಕ್ಕೆ ತಗೋಬೇಡಿ."

"ತಗೊಳ್ಳಿ" ಅಂತ ಬಾಗಿಲ ಕಡೆಯಿಂದ ದನಿ ಬಂತು.

ತಂಗಿ ಮಗಳು. ನಿದ್ದೆಯಿಲ್ಲದ ಕಣ್ಣು, ನಿನ್ನೆಯದೇ ಬಟ್ಟೆ. ಕಂಕುಳಲ್ಲಿ ಅವಳ ಪುಸ್ತಕ, ಇನ್ನೊಂದು ಕೈಯಲ್ಲಿ ಕಂಬಳಿ ಸುತ್ತಿದ ರಬ್ಬರ್ ಬೊಂಬೆ. ಬೊಂಬೆಯನ್ನು ಮೇಜಿನ ಮೇಲೆ ಮಲಗಿಸಿ ಡಬ್ಬಿಯನ್ನು ವಕೀಲೆಯ ಕಡೆ ತಿರುಗಿಸಿದಳು. ಮೂವತ್ತೆಂಟು. ಬೊಂಬೆಯ ಗಾಜಿನ ಕಣ್ಣು ಸೂರು ನೋಡುತ್ತಿತ್ತು. ಕೋಣೆಯಲ್ಲಿ ಯಾರೂ ಸ್ವಲ್ಪ ಹೊತ್ತು ಉಸಿರೇ ಬಿಡಲಿಲ್ಲ.

"ಹನ್ನೆರಡು ಸಲ ಹಾಕಿ ನೋಡಿದೆ, ಏಳು ಸಲ ಹೀಗೇ ಆಯ್ತು. ನನ್ನ ಪುಸ್ತಕದಲ್ಲಿ ಬರೆದಿದ್ದೀನಿ" ಅಂದಳು. "ನಿನ್ನೆ ನನ್ನ ಮಗನ ಮೇಲೂ ಆಯ್ತು. ಅದನ್ನೂ ಬರೆದಿದ್ದೀನಿ. ಸಾಕ್ಷಿ ನೀವು ಹಾಕ್ಬೇಕು ಸರ್. ದೊಡ್ಡಮ್ಮ ಹಾಕೋ ಹಾಗಿಲ್ಲ."

ಸಾಹೇಬರು ಪುಸ್ತಕ ಮುಟ್ಟಲಿಲ್ಲ. "ಇದಾದ ಮೇಲೆ ನಿನ್ನ ನೌಕರಿ ನನ್ನ ಕೈಲಿ ಉಳಿಸೋಕಾಗಲ್ಲಮ್ಮ" ಅಂದರು.

"ಗೊತ್ತು ಸರ್."

ಅಕ್ಕ ತನ್ನ ಕೆಂಪು ಪೆನ್ನಿನ ಪಕ್ಕದಲ್ಲಿದ್ದ ನೀಲಿ ಪೆನ್ನನ್ನು ಸಾಹೇಬರ ಕೈಗೆ ಕೊಟ್ಟಳು. ಅವರು ಮುಖ ಹಿಂಡಿಕೊಂಡೇ ಓದಿದರು. ಎರಡು ಸಲ ಓದಿದರು. ಆಮೇಲೆ ಬುಡದಲ್ಲಿ ಬರೆದು ಸಹಿ ಹಾಕಿದರು. ವಕೀಲೆ ತಮ್ಮ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಹೋಗುವ ಮುಂಚೆ ತಂಗಿ ಮಗಳ ಭುಜದ ಮೇಲೆ ಒಮ್ಮೆ ಕೈಯಿಟ್ಟರು.

ಎಲ್ಲರೂ ಹೋದ ಮೇಲೆ ಅಕ್ಕ ಮೇಷ್ಟ್ರ ಪುಸ್ತಕ ಎತ್ತಿಕೊಂಡು ತನ್ನ ಮೇಜಿಗೆ ಬಂದಳು. ತಂಗಿ ಮಗಳು ಹಿಂದೆಯೇ ಬಂದು ಪಕ್ಕದ ಕುರ್ಚಿಯಲ್ಲಿ ಕೂತು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಅವಳ ತೋಳಿಗೆ ಒರಗಿದಳು. ಅಳುತ್ತಿದ್ದಳು. ಅಕ್ಕ ಅಳಬೇಡ ಅನ್ನಲಿಲ್ಲ. ಆ ಹುಡುಗಿ ಆರು ವರ್ಷ ಜೀವ ತೇದ ಕೆಲಸ ಅದು. ಬೀರುವಿಗೆ ಇಡುವ ಮುಂಚೆ ಅಕ್ಕ ಕೊನೆಯ ಪುಟ ಒಮ್ಮೆ ತೆಗೆದಳು.

ಬೆರಳುದ್ದ ಉಳಿದಿದ್ದ ಜಾಗದಲ್ಲಿ ನಾಲ್ಕನೇ ಸಾಲಿತ್ತು. ಮಸಿ ಹೊಳೆಯುತ್ತಿತ್ತು.

'ಇನ್ನು ಗೆರೆ ಎಳೀರಿ ತಾಯಿ.'

ತಂಗಿ ಮಗಳೂ ಓದಿದಳು. ಅಕ್ಕನ ತೋಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಅಕ್ಕ ಅಡಿಪಟ್ಟಿ ಇಟ್ಟಳು.

"ಆಯ್ತು ಮೇಷ್ಟ್ರೇ" ಅಂದಳು. ಉಳಿದ ಚೂರು ಜಾಗಕ್ಕೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದಳು.